ಹುಟ್ಟು ಹಿಡಿದ ಕೈ

೧೧ ಜೂನ್ ೧೯೪೨

ಕೊಪ್ಪಳದ ಕಾಸೀಮಸಾಬ ಮಾಸ್ತರರಿಗೆ ಹುಲಿಗಿಯ ಅಂಬಿಗರ ಅಮರಪ್ಪ ಮಾಡುವ ನಮಸ್ಕಾರ.

ನಾನು ಕ್ಷೇಮ. ನನ್ನ ತಾಯಿಗೂ ಹಾಗೆಂದು ಓದಿ ಹೇಳಿರಿ. ಎಲ್ಲಿದ್ದೇನೆ ಎಂದು ಬರೆಯುವಂತಿಲ್ಲ. ಬರೆದರೆ ದಾರಿಯಲ್ಲಿ ಪತ್ರ ಓದುವವರು ಮಸಿ ಬಳಿಯುತ್ತಾರೆ. ರೈಲಿನಲ್ಲಿ ಐದು ದಿನ ಬಂದೆವು. ಇದು ನೀರಿನ ನಾಡು. ತುಂಗಭದ್ರೆಯೊಂದೇ ಹೊಳೆ ಎಂದುಕೊಂಡಿದ್ದವನು ನಾನು. ಇಲ್ಲಿ ಮನೆಯ ಹಿಂದೆ ಹೊಳೆ, ಹೊಲದ ಮುಂದೆ ಹೊಳೆ, ಒಂದನ್ನು ದಾಟಿದರೆ ಇನ್ನೊಂದು.

ನನಗೆ ಕೊಟ್ಟಿರುವ ಕೆಲಸದ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ವೈರಿ ಸಮುದ್ರದ ಕಡೆಯಿಂದ ಬರುತ್ತಾನಂತೆ. ಬಂದರೆ ಇಲ್ಲಿಯ ದೋಣಿಗಳನ್ನೇ ಹಿಡಿದು ಒಳನಾಡಿಗೆ ನುಗ್ಗುತ್ತಾನಂತೆ. ಆದ್ದರಿಂದ ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿ ಒಂದೂ ಉಳಿಯಬಾರದು ಎಂದು ಹುಕುಂ ಆಗಿದೆ. ಕೆಲವನ್ನು ಎಳೆದೊಯ್ಯುತ್ತೇವೆ. ದೂರದಲ್ಲಿರುವುದನ್ನು ಅಲ್ಲೇ ಸುಡುತ್ತೇವೆ.

ಮೊನ್ನೆ ಮೊದಲನೆಯ ದೋಣಿ. ಅದರ ಮುದುಕ ಅಂಬಿಗ ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಂತಿದ್ದ. ಬಿಡು ಎಂದರೆ ಬಿಡಲೊಲ್ಲ. ನಾನು ಬೂಟು ಬಿಚ್ಚಿ ದಂಡೆಯ ಮೇಲಿಟ್ಟು, ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದೆ. ನಮ್ಮಲ್ಲಿ ಹರಗೋಲಿಗೆ ಚಪ್ಪಲಿ ಮೆಟ್ಟಿ ಹತ್ತುವುದಿಲ್ಲ, ನಿಮಗೆ ಗೊತ್ತು. ನಮ್ಮ ತುಕಡಿಯಲ್ಲಿ ಕುಷ್ಟಗಿಯ ದೇವೇಂದ್ರಪ್ಪ ಎಂಬವನಿದ್ದಾನೆ. ಎಲ್ಲರೆದುರು ನಕ್ಕ. "ಲೇ ಅಂಬಿಗಾ, ಸುಡಾಕ ಬಂದಾಂವ ಕೈ ಮುಗದು ಹತ್ತತಿ. ಕೋಳಿ ಕೊಯ್ಯೂ ಮುಂದ ಅದರ ಕಾಲಿಗೂ ಬೀಳ್ತಿ ಏನ?"

ಮುದುಕ ನನ್ನ ಬರಿಗಾಲನ್ನು ನೋಡಿದ, ಮುಖ ನೋಡಿದ, ಕೈ ಬಿಟ್ಟ. ಆಮೇಲೆ ನಾವು ಅದನ್ನು ಸುಟ್ಟೆವು.

ನಮ್ಮ ಸಾಹೇಬರು ಒಳ್ಳೆಯವರು. ವೈರಿ ನಿಮ್ಮ ಊರುಗಳ ತನಕ ಬರಬಾರದೆಂದೇ ಇದು ಎಂದು ಹೇಳಿದರು. ನಂಬಿದ್ದೇನೆ. ಆದರೂ ನಿಮ್ಮನ್ನು ಕೇಳದೆ ಇರಲಾರೆ. ಸಾಲೆಯಲ್ಲಿ ಉರ್ದು ಮುಗಿದ ಮೇಲೆ ನಿಮ್ಮ ಪಡಸಾಲೆಯಲ್ಲಿ ಕೂಡಿಸಿಕೊಂಡು ನನಗೆ ಕನ್ನಡ ತಿದ್ದಿಸಿದವರು ನೀವು. ಇದು ಸರಿಯೋ ಅಲ್ಲವೋ ಬರೆಯಿರಿ. ಅಡುಗೆಯ ಕೆಲಸಕ್ಕೆ ಜನ ಬೇಕಾಗಿದ್ದಾರೆ. ನೀವು ಸರಿಯಲ್ಲ ಎಂದರೆ ಆ ಕಡೆ ಹೋಗುತ್ತೇನೆ.

ಅಮರಪ್ಪ


೬ ಜುಲೈ ೧೯೪೨, ಕೊಪ್ಪಳ

ಚಿರಂಜೀವಿ ಅಮರಪ್ಪನಿಗೆ ಕಾಸೀಮಸಾಬನ ಆಶೀರ್ವಾದ.

ನಿನ್ನ ಪತ್ರಕ್ಕೆ ಎರಡು ಕಡೆ ಮಸಿ ಬಿದ್ದಿದೆ. ಉಳಿದದ್ದು ಚೆನ್ನಾಗಿ ಓದಿಸಿಕೊಂಡಿತು. ನಿನ್ನ ಅಕ್ಷರ ಇನ್ನೂ ಬಲಕ್ಕೆ ವಾಲುತ್ತದೆ, ಗಾಳಿಗೆ ಬಾಗಿದ ಜೋಳದಂತೆ.

ಕೇಳಿದ್ದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಹುಬ್ಬಳ್ಳಿಯ ಪತ್ರಿಕೆ ಎರಡು ದಿನ ತಡವಾಗಿಯಾದರೂ ನನಗೆ ತಲುಪುತ್ತದೆ. ವೈರಿಯ ಕೈಗೆ ಬಿದ್ದ ರಂಗೂನಿನಿಂದ ನಡೆದು ಬಂದವರ ಸ್ಥಿತಿ ಓದಿದ್ದೇನೆ. ಆ ಗತಿ ನಮಗೆ ಬರಬಾರದು ಎಂದಿದ್ದರೆ ಯಾರಾದರೂ ಕಹಿ ಕೆಲಸ ಮಾಡಲೇಬೇಕು. ಹೊಳೆಯ ದಂಡೆಯಲ್ಲಿ ನಿಂತ ಸಿಪಾಯಿಗೆ ಒಂದು ದೋಣಿ ಕಾಣುತ್ತದೆ. ಹುಕುಂ ಕೊಟ್ಟವನಿಗೆ ಇಡೀ ದೇಶದ ನಕಾಶೆ ಕಾಣುತ್ತದೆ. ಸಿಪಾಯಿ ಒಳ್ಳೆಯ ಮನಸ್ಸಿನಿಂದ ಹುಕುಂ ಪಾಲಿಸಿದರೆ ಅದರ ಕಲೆ ಅವನಿಗೆ ತಟ್ಟುವುದಿಲ್ಲ.

ಇನ್ನೊಂದು ಮಾತು. ನೀನು ಸುಡುತ್ತಿರುವುದು ಕಟ್ಟಿಗೆ, ಮನುಷ್ಯರನ್ನಲ್ಲ. ನಿನ್ನ ಅಪ್ಪ ಬಿದಿರು ಸೀಳಿ, ಹೆಣೆದು, ಎಮ್ಮೆಯ ಚರ್ಮ ಬಿಗಿದು ಮೂರು ದಿನದಲ್ಲಿ ಹೊಸ ಹರಗೋಲು ನೀರಿಗೆ ಬಿಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವರೂ ಇನ್ನೊಂದು ಮಾಡಿಕೊಳ್ಳುತ್ತಾರೆ. ಅಡುಗೆಮನೆಗೆ ಹೋಗಬೇಡ. ನಿನ್ನಂಥ ಬಲ್ಲವನು ಅಲ್ಲಿ ಬೇಕು.

ಭಾನುವಾರ ಹುಲಿಗಿಗೆ ಹೋಗಿ ನಿನ್ನ ತಾಯಿ ಮುದುಕಮ್ಮನಿಗೆ ಪತ್ರ ಓದಿದೆ. ಸುಡುವ ಮಾತು ಬಿಟ್ಟೆ. ದೋಣಿ ಕಾಯುವ ಕೆಲಸ ಎಂದೆ. "ಹಂಗಾರ ಸರಕಾರಕ್ಕ ಬುದ್ಧಿ ಐತಿ ಬಿಡ್ರಿ ಮಾಸ್ತರ್ರ. ನನ್ನ ಮಗನ ಕೈಯಾಗ ಕುಡುಗೋಲು ಕೊಟ್ರ ಬೆರಳು ಕೊಯ್ಕೋತಾನ, ಹುಟ್ಟು ಕೊಟ್ರ ಹೊಳಿ ಹೇಳಿದಂಗ ಕೇಳತೈತಿ" ಎಂದು ಸಂತೋಷಪಟ್ಟಳು.

ಕಾಸೀಮಸಾಬ


೨೦ ಸೆಪ್ಟೆಂಬರ್ ೧೯೪೨

ಮಾಸ್ತರರಿಗೆ ನಮಸ್ಕಾರ. ನಾನು ಕ್ಷೇಮ.

ನಿಮ್ಮ ಪತ್ರ ಬಂದ ದಿನ ಎದೆಯ ಮೇಲಿನ ಕಲ್ಲು ಇಳಿಯಿತು. ಧಾರವಾಡ, ವಿಜಾಪುರ ಕಡೆಯ ನಾಲ್ಕು ಜನ ಇಲ್ಲಿದ್ದಾರೆ, ಅವರಿಗೂ ಓದಿ ಹೇಳಿದೆ. ಕಲೆ ತಟ್ಟುವುದಿಲ್ಲ ಎಂಬ ಮಾತನ್ನು ಒಬ್ಬ ಬರೆದಿಟ್ಟುಕೊಂಡ.

ನನಗೆ ಒಂದು ಪಟ್ಟಿ ಸಿಕ್ಕಿದೆ, ತೋಳಿನ ಮೇಲೆ ಹಾಕುವುದು. ಉಳಿದವರು ಒಂದು ದೋಣಿಗೆ ಅರ್ಧ ದಿನ ಹಾಕುತ್ತಾರೆ. ಹಲಗೆ ಎಲ್ಲಿ ಕೂಡುತ್ತದೆ, ಎಲ್ಲಿ ಒಡೆದರೆ ಬೇಗ ಬಿಚ್ಚಿಕೊಳ್ಳುತ್ತದೆ ಎಂಬುದು ನನಗೆ ಕೈಯಲ್ಲೇ ತಿಳಿಯುತ್ತದೆ. ಸಾಹೇಬರು ಬೆನ್ನು ತಟ್ಟಿದರು. ಬೂಟು ಬಿಚ್ಚುವುದನ್ನು ಮಾತ್ರ ಬಿಟ್ಟಿಲ್ಲ. ದೇವೇಂದ್ರಪ್ಪನೂ ಈಗ ನಗುವುದಿಲ್ಲ.

ಆ ಮೊದಲನೆಯ ಮುದುಕ ಮತ್ತೆ ಸಿಕ್ಕಿದ್ದ. ದಂಡೆಯ ಮೇಲೆ ಸುಮ್ಮನೆ ಕುಳಿತಿರುತ್ತಾನೆ. ಅವರ ಮಾತು ನನಗೆ ಬರುವುದಿಲ್ಲವಲ್ಲ, ನಾನು ಬಿದಿರಿನ ಮೆಳೆ ತೋರಿಸಿ, ಸೀಳುವ, ಹೆಣೆಯುವ ಅಭಿನಯ ಮಾಡಿದೆ. ಮೂರು ಬೆರಳು ಎತ್ತಿ ಮೂರು ದಿನ ಸಾಕು ಎಂದೆ. ನನ್ನ ಕತ್ತಿಯನ್ನೂ ಕೊಟ್ಟೆ. ಅವನು ಕತ್ತಿಯನ್ನು ತಿರುಗಿಸಿ ನೋಡಿ, ನನ್ನ ಕೈಯಲ್ಲೇ ಇಟ್ಟು, ಬೆರಳುಗಳನ್ನು ಮಡಚಿದ. ಸ್ವಲ್ಪ ನಕ್ಕ. ಹಟದ ಮುದುಕ. ಸಿಟ್ಟು ಇಳಿದ ಮೇಲೆ ಮಾಡಿಕೊಳ್ಳುತ್ತಾನೆ.

ಅವ್ವನಿಗೆ ಪಟ್ಟಿಯ ಸುದ್ದಿ ತಿಳಿಸಿರಿ.

ಅಮರಪ್ಪ


೧೨ ಜನವರಿ ೧೯೪೩, ಕೊಪ್ಪಳ

ಚಿರಂಜೀವಿ ಅಮರಪ್ಪನಿಗೆ.

ಎರಡು ಪತ್ರ ಬರೆದೆ. ನಿನ್ನಿಂದ "ನಾನು ಕ್ಷೇಮ" ಎಂದು ಅಚ್ಚಾದ ಒಂದು ಕಾರ್ಡು ಬಂತು, ಕೆಳಗೆ ಬರೀ ಸಹಿ. ತೋಳಿಗೆ ಪಟ್ಟಿ ಬಂದ ಮೇಲೆ ಮಾಸ್ತರ ಸಣ್ಣವನಾದ ಎಂದು ತೋರುತ್ತದೆ. ಇರಲಿ, ದೊಡ್ಡವನಾಗು. ಮುದುಕಮ್ಮ ಆ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. "ಇಷ್ಟ ಸಣ್ಣ ಮಾತಿಗೆ ಇಷ್ಟ ದಪ್ಪ ಕಾಗದ ಯಾಕ ಬೇಕಿತ್ತು?" ಎಂದು ಕೇಳಿದಳು.

ಕಾಸೀಮಸಾಬ


೪ ಸೆಪ್ಟೆಂಬರ್ ೧೯೪೩, ಕೊಪ್ಪಳ

ಅಮರಪ್ಪನಿಗೆ.

ಮತ್ತೆ ಅದೇ ಕಾರ್ಡು. ಆದರೂ ಬರೆಯುತ್ತೇನೆ, ಈ ಸಿಟ್ಟನ್ನು ಯಾರ ಮುಂದಾದರೂ ಇಡಬೇಕು.

ಬಂಗಾಳದ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತಿವೆ. ಊರುಗಳಿಗೆ ಊರುಗಳೇ ಅನ್ನವಿಲ್ಲದೆ ಬೀದಿಗೆ ಬಂದು ಬೀಳುತ್ತಿವೆ. ಮಳೆ ಬಾರದೆ ಬಂದ ಬರವಲ್ಲ ಇದು. ನಾವು ಮೂರು ಜನ ಮಾಸ್ತರರು ಗಂಗಾವತಿಯ ಭತ್ತದ ಅಂಗಡಿಗಳ ಮುಂದೆ ಜೋಳಿಗೆ ಹಿಡಿದು ನಿಂತೆವು. ಒಬ್ಬ ವ್ಯಾಪಾರಿ "ಅವರು ಮೀನ ತಿನ್ನೂ ಮಂದಿ ಅಲ್ಲೇನ್ರಿ, ಹಿಡಕೊಂಡು ತಿನ್ನಲಿ" ಎಂದ. "ಮೀನು ಹಿಡ್ಯಾಕ ದೋಣಿ ಬೇಕಲ್ಲೋ ಮಾರಾಯಾ" ಎಂದೆ. ಪತ್ರಿಕೆಯಲ್ಲಿ ಅದನ್ನೂ ಬರೆದಿದ್ದಾರೆ. ಕಳೆದ ವರ್ಷ ಸರಕಾರ ಅಲ್ಲಿಯ ದೋಣಿಗಳನ್ನೆಲ್ಲ ಕಿತ್ತುಕೊಂಡಿತಂತೆ. ಆಚೆ ದಂಡೆಯ ಅಕ್ಕಿ ಈಚೆಗೆ ಬರಲಿಲ್ಲ, ನಡುಗಡ್ಡೆಯ ಹೊಲಕ್ಕೆ ಬಿತ್ತಲು ಹೋಗಲಾಗಲಿಲ್ಲ. ಬೆಸ್ತರೂ ಅಂಬಿಗರೂ ಮೊದಲು ಸತ್ತರಂತೆ. ಯಾವ ಕೈಗಳು ಇಂಥ ಕೆಲಸ

ಇಲ್ಲಿಯ ತನಕ ಬರೆದು ಎದ್ದವನು ಮೂರು ದಿನ ಈ ಕಾಗದ ಮುಟ್ಟಲಿಲ್ಲ.

ಅಮರಪ್ಪಾ, ನೀನು ಇರುವುದು ಯಾವ ನೀರಿನ ನಾಡು? ಹೆಸರು ಬರೆಯಬೇಡ. "ಅಲ್ಲ" ಎಂಬ ಎರಡಕ್ಷರ ಬರೆ. ಆ ಕಾರ್ಡಿನ ಮೂಲೆಯಲ್ಲಿ ಬರೆದರೂ ಸಾಕು.

ಕಾಸೀಮಸಾಬ


೨ ನವೆಂಬರ್ ೧೯೪೩

ಮಾಸ್ತರರಿಗೆ.

ಇದನ್ನು ದೇವೇಂದ್ರಪ್ಪ ಅಂಗಿಯೊಳಗೆ ಇಟ್ಟುಕೊಂಡು ತರುತ್ತಿದ್ದಾನೆ. ಅವನ ಕಾಲು ಹೋಗಿದೆ, ಮನೆಗೆ ಕಳಿಸಿದ್ದಾರೆ. ಮಸಿಯ ಹೆದರಿಕೆ ಇಲ್ಲವಾದ್ದರಿಂದ ಬರೆಯುತ್ತೇನೆ. ಬಂಗಾಳವೇ.

ಕಾರ್ಡು ಕಳಿಸಿದ್ದು ದೊಡ್ಡಸ್ತಿಕೆಯಿಂದಲ್ಲ. ಮೊದಲ ಚಳಿಗಾಲಕ್ಕೇ ನನಗೆ ಅನುಮಾನ ಬಂದಿತ್ತು. ಆ ಮೇಲೆ ನಮ್ಮನ್ನು ಗಡಿಯ ಕಡೆ ಕಳಿಸಿದರು. ಅಲ್ಲಿ ಗುಂಡಿನ ನಡುವೆ ಮರೆಯಬಹುದಿತ್ತು. ಸೆಪ್ಟೆಂಬರಿನಲ್ಲಿ ತಿರುಗಿ ಅದೇ ಹೊಳೆಗೆ ತಂದುಬಿಟ್ಟರು, ಈ ಸಲ ಅಕ್ಕಿಯ ಚೀಲಗಳ ಕಾವಲಿಗೆ. ಸರಕಾರ ಅಕ್ಕಿ ಕಳಿಸಿತ್ತು, ಮಾಸ್ತರ. ದಂಡೆಯ ತನಕ ಲಾರಿಯಲ್ಲಿ ಬಂತು. ನಡುಗಡ್ಡೆಗಳಿಗೆ ಒಯ್ಯಲು ದೋಣಿ ಇರಲಿಲ್ಲ. ಸಾಹೇಬರು ನನ್ನನ್ನು ಕರೆದು, "ಇಲ್ಲಿಯ ದೋಣಿಗಳು ನಿನಗೆ ಗೊತ್ತಲ್ಲ, ಒಂದೆರಡು ಹುಡುಕು" ಎಂದರು. ಹಾಗೆ ಕೇಳುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಅವರಿಗೆ ನೆನಪೇ ಇರಲಿಲ್ಲ.

ಹುಡುಕುತ್ತ ಆ ಮುದುಕನ ಹಟ್ಟಿಗೆ ಹೋದೆ. ಆ ನಾಡಿನ ಮಾತು ಬಲ್ಲ ಹವಾಲ್ದಾರ ಜೊತೆಗಿದ್ದ. ಮುದುಕ ಚೈತ್ರದಲ್ಲೇ ತೀರಿಹೋಗಿದ್ದ. ಮಗನೂ ಹೋಗಿದ್ದ. ಸೊಸೆ ಒಬ್ಬಳು ಗೋಡೆಗೆ ಒರಗಿ ಕುಳಿತಿದ್ದಳು. ಅವರ ದೋಣಿ ಬಿದಿರಿನದಲ್ಲ, ಬರೀ ಹಲಗೆಯದೂ ಅಲ್ಲ. ಬರ್ಮಾದ ತೇಗು. ಬಡಗಿ ಒಂದು ವರ್ಷ ಕೂತು ಮಾಡುವಂಥದು. ಮೂರು ತಲೆಮಾರು ಅದರಲ್ಲೇ ಹುಟ್ಟಿ, ಅದರಲ್ಲೇ ಹೊಲಕ್ಕೆ ಹೋಗಿ, ಅದರಲ್ಲೇ ಸಂತೆ ಮಾಡಿದ್ದವು. ಅದು ಅವರ ಎತ್ತು, ಬಂಡಿ, ಹೊಲ. ನಾನು ಆ ಮುದುಕನಿಗೆ ಮೂರು ಬೆರಳು ತೋರಿಸಿದ್ದೆ.

ಆಚೆ ದಂಡೆಯಲ್ಲಿ ಅಕ್ಕಿಯ ಸಂತೆ ಇತ್ತಂತೆ. ಸಂತೆಯ ದಿನ ಒಲೆಗಳ ಹೊಗೆ ಇಲ್ಲಿಗೆ ಕಾಣುತ್ತಿತ್ತಂತೆ.

ಆಕೆ ನನ್ನನ್ನು ಗುರುತಿಸಿದಳು. ಹವಾಲ್ದಾರನಿಗೆ ಏನೋ ಹೇಳಿದಳು. ಅವನು ಹೇಳಲೋ ಬೇಡವೋ ಎಂದು ನಿಂತ. ಹೇಳು ಎಂದೆ. "ಬೂಟು ಬಿಚ್ಚಿ ಹತ್ತಿದವನು ಇವನೇ ಎನ್ನುತ್ತಾಳೆ. ಅದನ್ನು ನೋಡಿಯೇ ಮಾವ ಕೈ ಬಿಟ್ಟನಂತೆ. ಬೂಟು ಬಿಚ್ಚಿದವನು ಸುಡುವುದಿಲ್ಲ ಎಂದು ತಿಳಿದನಂತೆ."

ಬೈಯಲಿಲ್ಲ, ಅಳಲಿಲ್ಲ. ನನ್ನ ಪಾಲಿನ ರೊಟ್ಟಿ ಕೊಟ್ಟೆ, ತೆಗೆದುಕೊಂಡಳು.

ಮರುದಿನವೇ ಬಿದಿರು ಕಡಿದು, ಮೂರು ದಿನದಲ್ಲಿ ಹರಗೋಲು ಹೆಣೆದೆ. ಚರ್ಮದ ಬದಲು ಲಾರಿಯ ತಾಡಪತ್ರಿ ಬಿಗಿದೆ. ಎರಡು ಚೀಲ ಅಕ್ಕಿ ಹಾಕಿ ಬಿಟ್ಟೆ. ನಮ್ಮ ಹೊಳೆಯಲ್ಲಿ ತಿರುಗುತ್ತ ತಿರುಗುತ್ತ ದಡ ಮುಟ್ಟುತ್ತದೆ. ಇಲ್ಲಿ ಸಮುದ್ರದ ಇಳಿತ ಎಳೆಯುತ್ತದೆ. ನಡುನೀರಿನಲ್ಲಿ ಮಗುಚಿತು. ನಾನು ಈಜಿ ಬಂದೆ, ಅಕ್ಕಿ ಹೋಯಿತು. ನಡುಗಡ್ಡೆಯವರು ನಿಂತು ನೋಡುತ್ತಿದ್ದರು.

ಸಾಹೇಬರ ಮುಂದೆ ನಿಂತು, ಈ ದೋಣಿಗಳನ್ನು ಸುಟ್ಟವನು ನಾನು ಎಂದು ಎಲ್ಲಾದರೂ ಬರೆದುಕೊಳ್ಳಿ ಎಂದೆ. ಅವರು ಕುರ್ಚಿ ಕೊಟ್ಟು ಕೂಡಿಸಿದರು. ಒಳ್ಳೆಯ ಮನಸ್ಸಿನಿಂದ ಹುಕುಂ ಪಾಲಿಸಿದವನಿಗೆ ಕಲೆ ತಟ್ಟುವುದಿಲ್ಲ ಎಂದರು. ನಿಮ್ಮ ಮಾತೇ, ಮಾಸ್ತರ. ಅಕ್ಷರ ಅಕ್ಷರ ಅದೇ. ಅವರಿಗೂ ಮೇಲಿನಿಂದ ಹುಕುಂ ಬಂದಿತ್ತು, ಅವರೂ ಒಳ್ಳೆಯ ಮನಸ್ಸಿನಿಂದಲೇ ಪಾಲಿಸಿದರು. ಅವರ ಮೇಲಿನವರೂ ಒಳ್ಳೆಯವರೇ ಇರಬೇಕು. ಹಾಗಾದರೆ ಆ ಮುದುಕ ಸತ್ತದ್ದು ಯಾರಿಂದ? ಇಷ್ಟು ಒಳ್ಳೆಯವರು ಕೂಡಿ ಇಷ್ಟು ಜನರನ್ನು ಹೇಗೆ ಕೊಂದೆವು?

ನಾನು ಅಡುಗೆಮನೆಗೆ ಹೋಗುತ್ತೇನೆ ಎಂದಿದ್ದೆ. ನೀವು ಬೇಡ ಎಂದಿರಿ. ದೂರುತ್ತಿಲ್ಲ. ಆದರೆ ಈ ಸಲ ಸಮಾಧಾನ ಬರೆಯಬೇಡಿ. ಇದು ಯಾರದು ಎಂದು ಬರೆಯಿರಿ. ನನ್ನದಾಗಿದ್ದರೆ ಏನು ಮಾಡಬೇಕು ಎಂದೂ ಬರೆಯಿರಿ.

ಅಮರಪ್ಪ


೨೯ ನವೆಂಬರ್ ೧೯೪೩, ಕೊಪ್ಪಳ

ಅಮರಪ್ಪಾ,

ದೇವೇಂದ್ರಪ್ಪ ಕೋಲು ಊರಿಕೊಂಡು ಬಂದು ಪತ್ರ ಕೊಟ್ಟ. ಹೊಸ್ತಿಲು ದಾಟುವ ಮೊದಲು ಇರುವ ಒಂದೇ ಕಾಲಿನ ಬೂಟು ಬಿಚ್ಚಲು ಒದ್ದಾಡಿದ. ಬೇಡ ಎಂದರೂ ಕೇಳಲಿಲ್ಲ.

ನಾಲ್ಕು ಸಲ ಉತ್ತರ ಬರೆದು ಹರಿದೆ. ನನಗೆ ನೆನಪಿನ ಕೊರತೆ ಎಂದೂ ಇರಲಿಲ್ಲ. ತಳಕಲ್ಲಿನ ದಾದೇಸಾಬ ಹಿಂದಿನ ಯುದ್ಧದಲ್ಲಿ ಬಸರಾಕ್ಕೆ ಹೋಗಿ ಬಂದವನು. ಬಂದ ಮೇಲೆ ಸಾಯುವ ತನಕ ಒಂದು ಕೋಳಿಯನ್ನೂ ಕೊಯ್ಯಲಿಲ್ಲ, ಯಾರಿಗೂ ಕಾರಣ ಹೇಳಲಿಲ್ಲ. ನಾವು ಅವನನ್ನು ಹುಚ್ಚ ಎಂದು ನಕ್ಕೆವು. ಇಪ್ಪತ್ತು ವರ್ಷ ಅವನ ಎದುರಿಗೆ ಚಹಾ ಕುಡಿದ ನಾನು ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಿನಗೆ ಕಲೆ ತಟ್ಟುವುದಿಲ್ಲ ಎಂಬ ಆ ಸಾಲು ಬರೆಯುತ್ತಿರಲಿಲ್ಲ. ಅದು ಪತ್ರಿಕೆ ಓದಿ ಬರೆದ ಸಾಲು. ಬರೆದು ನಾನೇ ಎರಡು ಸಲ ಓದಿಕೊಂಡು ಮೆಚ್ಚಿದ್ದೆ. ಹರಗೋಲಿನ ಅಳತೆಯಲ್ಲಿ ಪರನಾಡಿನ ದೋಣಿಯನ್ನು ಅಳೆದವನೂ ನಾನೇ.

ನನ್ನಲ್ಲಿ ಉತ್ತರ ಸಿಗದೆ ಹುಲಿಗಿಗೆ ಹೋದೆ. ನಿನ್ನ ಎಲ್ಲ ಪತ್ರಗಳನ್ನೂ ಒಂದು ಸಾಲು ಬಿಡದೆ ಮುದುಕಮ್ಮನಿಗೆ ಓದಿದೆ. ಮುಗಿದ ಮೇಲೆ "ಮೊದಲೇ ಯಾಕ ಓದಲಿಲ್ಲ?" ಎಂದಳು. "ನಿನಗ ತ್ರಾಸ ಆಗಬಾರದಂತ" ಎಂದೆ.

"ತೇಗಿನ ದೋಣಿ ಹೊಳಿಗೆ ಬಂದಿದ್ದು ನಾ ಸಣ್ಣಾಕಿ ಇದ್ದಾಗ ನೋಡೀನಿ. ಅದು ಮೂರ ದಿನದ ಕೆಲಸಲ್ಲ. ಅವತ್ತ ಓದಿದ್ರ ಹೇಳ್ತಿದ್ದೆ" ಎಂದಳು.

ಅಮರಪ್ಪಾ, ನನಗೆ ಅಲ್ಲಿಯೇ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆಮೇಲೆ ನಿನ್ನ ಅಪ್ಪನ ಒಂದು ಸಂಗತಿ ಹೇಳಿದಳು. ನೀನು ತೊಟ್ಟಿಲಲ್ಲಿದ್ದಾಗಿನದು, ನಿನಗೆ ಹೇಳಿರಲಿಕ್ಕಿಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಬಂದ ಜನ, ತುಂಬಿದ ಹೊಳೆ. ದಂಡೆಯ ಸುಂಕದ ನಾಕೆಯ ಜಮಾದಾರ ಬೆತ್ತ ತೋರಿಸಿ ಹರಗೋಲಿಗೆ ಮಿತಿಮೀರಿ ಜನ ಏರಿಸಿದ. ನಡುಹೊಳೆಯಲ್ಲಿ ಮಗುಚಿ ಐದು ಜನ ಹೋದರು. ಆಕೆಯ ಮಾತನ್ನು ಆಕೆ ಹೇಳಿದಂತೆಯೇ ಬರೆಯುತ್ತೇನೆ.

"ಏರಿಸಿದಾಂವ ಜಮಾದಾರ, ಖರೇ. ಆದ್ರ ಆ ಮನಿಗೋಳಾಗ ಜಮಾದಾರನ ಹೆಸರು ಯಾರೂ ಎತ್ತಲಿಲ್ಲರಿ. ಹುಟ್ಟು ಯಾರ ಕೈಯಾಗಿತ್ತು ಅಂತ ಕೇಳಿದ್ರು. ನನ್ನ ಕೈಯಾಗ ಅಂದ್ರು ನಮ್ಮ ಮನಿಯವರು. ನಮ್ಮ ಅಂಬಿಗರಾಗ ಒಂದು ಪದ್ಧತಿ ಐತಿ. ಹೊಳ್ಯಾಗ ಯಾರರ ಹೋದ್ರ ಹುಟ್ಟು ಹಿಡಿದಾಂವ ಆ ಮನಿ ಹೊಸ್ತಿಲಿಗೆ ಹೋಗಿ ಕುಂದರಬೇಕು. ಆ ಮನಿಯವರು ಏಳು ಅನ್ನೂತನ ಏಳಬಾರದು. ಬೈದ್ರ ಬೈಸ್ಕೋಬೇಕು, ಹೊಡದ್ರ ಹೊಡಸ್ಕೋಬೇಕು. ಒಂದು ಮನ್ಯಾಗ ಲಗೂನ ಏಳು ಅಂದ್ರು. ಒಂದು ಮನ್ಯಾಗ ಎರಡು ದಿನ ಕುಂತ್ರು."

"ಜಮಾದಾರಂದು ಏನಾತು?" ಎಂದೆ.

"ಅವನ ಪಾಪ ಅವನ ಕೂಡ ಹೋಗತೈತಿ. ಅವನದು ಅಂವ ಹೊತ್ತಾನಂತ ನಮ್ಮ ಮನಿಯವರದು ಹಗುರ ಆಗಲಿಲ್ಲರಿ. ಹೋಗಿ ಕುಂದರು ಅಂತ ನನ್ನ ಮಗಗ ಬರೀರಿ. ಆ ಹೆಣ್ಮಗಳು ಏಳು ಅಂದ್ರ ಊರಿಗೆ ಬಾ ಅಂತ ಬರೀರಿ. ಅನ್ನೂತನ ಬರಬ್ಯಾಡ."

ಮೇಲೆ ಕುಳಿತು ನಕಾಶೆಯ ಮೇಲೆ ಗೆರೆ ಎಳೆದವರ ಮೇಲಿನ ನನ್ನ ಸಿಟ್ಟನ್ನು ನಾನು ಬಿಡುವುದಿಲ್ಲ. ಬದುಕಿರುವ ತನಕ ಹೇಳುತ್ತೇನೆ. ಆದರೆ ನೀನು ಕೇಳಿದ್ದಕ್ಕೆ ನಿನ್ನ ತಾಯಿ ಕೊಟ್ಟದ್ದೇ ಉತ್ತರ. ಅದು ನಿನ್ನದು. ನನ್ನದೂ.

ಹೊರಗೆ ಬಂದವನು ಆಕೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತೆ. ನಿನ್ನನ್ನು ಅಲ್ಲಿ ನಿಲ್ಲಿಸಿದವನು ನಾನಲ್ಲವೇ. ಆಕೆ ನೋಡಿದಳು. ಬಲೆ ತೆಗೆದುಕೊಂಡು ಹೊಳೆಗೆ ಹೋದಳು, ಬಂದಳು, ನನ್ನನ್ನು ದಾಟಿ ಒಳಗೆ ಹೋದಳು. ದಾರಿಯವರು ನಿಂತು ನೋಡಿದರು. ಹೊತ್ತು ಇಳಿದ ಮೇಲೆ ಒಳಗಿನಿಂದ ದನಿ ಬಂತು. "ಏಳ್ರಿ ಮಾಸ್ತರ್ರ. ರೊಟ್ಟಿ ಆಗ್ಯಾವು."

ಎದ್ದೆ. ಎಷ್ಟು ಭಾರ ಇಳಿಯುತ್ತದೆ ಎಂದು ನಾನು ಹೇಳಲಾರೆ. ಹೋಗು.

ಕಾಸೀಮಸಾಬ


೯ ಜನವರಿ ೧೯೪೪

ಮಾಸ್ತರರಿಗೆ.

ನಿಮ್ಮ ಪತ್ರ ಬಂದ ದಿನವೇ ರಜೆ ಕೇಳಿದೆ. ಸಿಗಲಿಲ್ಲ. ಹೇಳದೆ ಹೋದೆ. ದೋಣಿ ಸುಟ್ಟವನು ನಾನು ಎಂಬಷ್ಟನ್ನು ಅವರ ಭಾಷೆಯಲ್ಲಿ ಹವಾಲ್ದಾರನಿಂದ ಕಲಿತುಕೊಂಡಿದ್ದೆ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಡೆದೆ, ನೀವು ಮಗ್ಗಿ ಹೇಳಿಸುತ್ತಿದ್ದ ಹಾಗೆ.

ಹಟ್ಟಿಯಲ್ಲಿ ಯಾರೂ ಇರಲಿಲ್ಲ. ಅನ್ನ ಸ್ವಲ್ಪ ಸಿಗತೊಡಗಿದ ಮೇಲೆ ಜ್ವರ ಬಂದು ಉಳಿದವರನ್ನು ಒಯ್ದಿತಂತೆ. ದಾರಿಯಲ್ಲಿ ಸಿಕ್ಕ ಒಬ್ಬ ಕೈಸನ್ನೆಯಲ್ಲೇ ಇಷ್ಟನ್ನು ತಿಳಿಸಿದ. ಆ ಸೊಸೆಯ ಮನೆಯ ಬಾಗಿಲು, ಚೌಕಟ್ಟು, ಮೇಲಿನ ತಗಡು, ಎಲ್ಲವನ್ನೂ ಹಸಿದಿದ್ದಾಗಲೇ ಮಾರಿಕೊಂಡಿದ್ದರು. ಮಣ್ಣಿನ ಕಟ್ಟೆ ಉಳಿದಿತ್ತು. ಜನ ಕಾಲಿಟ್ಟು ಸವೆದ ಜಾಗ ನೋಡಿ, ಹೊಸ್ತಿಲು ಇದೇ ಇರಬೇಕೆಂದು ಅಲ್ಲಿ ಕುಳಿತೆ.

ಕಲಿತಿದ್ದ ಮಾತನ್ನು ಒಳಗೆ ಮುಖ ಮಾಡಿ ಹೇಳಿದೆ. ಮತ್ತೆ ಹೇಳಿದೆ.

ಆ ದಿನ ಕುಳಿತೆ. ಮರುದಿನವೂ ಕುಳಿತೆ. ಅಪ್ಪನೂ ಎರಡು ದಿನ ಕುಳಿತಿದ್ದನಲ್ಲ. ಏಳು ಎನ್ನಲು ಆ ಮನೆಯವರು ಬೇಕು, ಮಾಸ್ತರ. ಯಾರೂ ಉಳಿದಿಲ್ಲದ ಮನೆಯ ಮುಂದೆ ಎಷ್ಟು ದಿನ ಕೂರಬೇಕು ಎಂದು ಅವ್ವ ಹೇಳಿರಲಿಲ್ಲ. ಆಕೆಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಹೊಳೆಯಲ್ಲಿ ಹಾಗೆ ಎಂದೂ ಆಗಿಲ್ಲ.

ಮೂರನೆಯ ದಿನ ಮಧ್ಯಾಹ್ನ ತುಕಡಿಯವರು ಹುಡುಕಿಕೊಂಡು ಬಂದರು. ಮುಂದೆ ನಿಂತ ಸುಬೇದಾರ ಕೂಗಿದ, "ಉಠ್." ಏಳು ಎಂದವನು ಅವನೊಬ್ಬನೇ.

ಹುಕುಂ ಆಗಿತ್ತು. ಎದ್ದೆ.

ಅಮರಪ್ಪ